ವೀರಕೇತು ಯಾಕೆ ಎದ್ದುಹೋದ?

"ಸೇನಾಪತಿ ವೀರಕೇತು ಬಂದ್ನೇನು?" ನಾಟಕ ಕಲಿಸುವ ತುಳಸಾಬಾಯಿ ಕನ್ನಡಕದ ಮೇಲಿಂದ ಬಾಗಿಲ ಕಡೆ ನೋಡಿದರು.

"ಬಂದೀನ್ರಿ ಬಾಯಾರ. ಮೆಟ್ರೋ ತಪ್ಪಿತ್ರಿ, ತಡಾ ಆತು."

ಆ ದನಿ ಕೇಳಿದ್ದೇ ಸ್ನೇಹಲತಾ ಚಹಾದ ಕಪ್ಪು ಕೆಳಗಿಟ್ಟಳು. ತಲೆ ಎತ್ತಿ ನೋಡಿದಳು...

ಅವನೇ! ಬೇಗಂ ಬಜಾರಿನ ಕಿರಾಣಿ ಅಂಗಡಿಯ ಶಿವಪ್ರಕಾಶ! ಎರಡು ವರ್ಷದ ಹಿಂದೆ ಉಪ್ಪಲ್‌ನ ಅವಳ ಮನೆಗೆ ಹೆಣ್ಣು ನೋಡಲು ಬಂದು, ಉಪ್ಪಿಟ್ಟು ತಿಂದು, ಚಹಾ ಕುಡಿದು, ಉಡಿ ತುಂಬದೇ ಎದ್ದುಹೋದ ಮಹಾನುಭಾವ!

ಅವನೂ ಅವಳನ್ನು ಕಂಡ. ಮುಖದ ನಗು ಅಲ್ಲೇ ಆರಿತು. ಇಡೀ ಕನ್ನಡ ಸಂಘದಲ್ಲಿ ಇನ್ಯಾರೂ ಸಿಗಲಿಲ್ಲವೇ ಈ ಬಾಯಾರಿಗೆ, ಎಂದು ಸ್ನೇಹಲತಾ ಹಲ್ಲು ಕಚ್ಚಿದಳು.

ಅವರ ಕಡೆ ಒಂದು ರೂಢಿ. ಹುಡುಗಿ ಮನಸ್ಸಿಗೆ ಬಂದರೆ ಗಂಡಿನ ಕಡೆಯವರು ಏಳುವ ಮೊದಲೇ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಹಾಕಿ ಉಡಿ ತುಂಬುತ್ತಾರೆ. ತುಂಬದೆ ಹೋದರೆ ಮಾತು ಮುಗಿಯಿತು ಎಂದೇ ಅರ್ಥ.

ಆ ದಿನ ಬಾಲ್ಕನಿಯಲ್ಲಿ ಅವನ ಜೊತೆ ಮಾತಾಡಿದ್ದು ಸ್ವಲ್ಪವೇ. ಅಷ್ಟರಲ್ಲೇ ಅವಳ ಮನಸ್ಸು ಜಾರಿತ್ತು. "ಮಾರಿ ತೊಳ್ಕೊಂಡು ಸೆರಗು ಸರಿ ಮಾಡ್ಕೊಂಡು ಬಾರವ್ವ, ಉಡಿ ತುಂಬ್ತಾರ" ಎಂದು ಸೋದರತ್ತೆ ಶಂಕ್ರಮ್ಮ ಒಳಗೆ ಕಳಿಸಿದಾಗ ನೀರು ಸೋಕಿದ ಕೆನ್ನೆ ಸುಡುತ್ತಿತ್ತು. ನಾಚಿಕೊಂಡು ಹೊರಗೆ ಬಂದರೆ... ಖಾಲಿ ಕುರ್ಚಿಗಳು!

"ಹುಡುಗಗ ಮನಸಿಲ್ಲಂತ, ಬಿಡವ್ವ" ಎಂದಿದ್ದರು ಅತ್ತೆ. ಅಪ್ಪ ಅಮರೇಶಪ್ಪ ಪೇಪರಿನಿಂದ ತಲೆ ಎತ್ತಿರಲಿಲ್ಲ.

'ನನ್ನಲ್ಲಿ ಏನು ಕಡಿಮೆಯಿತ್ತು?' ಮಾದಾಪುರದ ಆಫೀಸಿನಲ್ಲಿ ಎಲ್ಲರೂ ಮೆಚ್ಚುವ ಹುಡುಗಿಗೆ ಈ ಒಂದು ಪ್ರಶ್ನೆ ಮುಳ್ಳಾಗಿ ಉಳಿದಿತ್ತು. ಆಮೇಲೆ ಬಂದ ಒಂದು ಸಂಬಂಧಕ್ಕೂ ಅವಳು ಹೂಂ ಅಂದಿರಲಿಲ್ಲ.

"ಬಾಯಾರ, ನಾ ನಾಟಕ ಬಿಡ್ತೀನ್ರಿ" ಎಂದಳು, ಅವನನ್ನು ಕಂಡ ಆ ತಾಲೀಮಿನಲ್ಲೇ.

"ರಾಣಿ ಚಂಪಾವತಿ ಅರ್ಧಕ್ಕ ಬಿಡಾಕಿ ಅಲ್ಲ. ಕೂಡು!" ಎಂದು ಗದರಿದರು ತುಳಸಾಬಾಯಿ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಮುಂದೆ ಎದುರು ಮಾತು ನಡೆಯುವುದಿಲ್ಲ.

ನಾಟಕ ಅಜ್ಜಂದಿರ ಕಾಲದ್ದು. ಯುದ್ಧ ಗೆದ್ದ ರಾಣಿ ಚಂಪಾವತಿ ತುಂಬಿದ ಸಭೆಯಲ್ಲಿ ತನ್ನ ಕೈಯಾರೆ ಸೇನಾಪತಿ ವೀರಕೇತುವಿಗೆ ತಾಂಬೂಲ ಕೊಡಲು ಏಳುತ್ತಾಳೆ. ಅವನು ಅದನ್ನು ಮುಟ್ಟದೆ, ಒಂದು ಮಾತೂ ಆಡದೆ, ಬೆನ್ನು ತಿರುಗಿಸಿ ಹೋಗಿಬಿಡುತ್ತಾನೆ. ಸಿಟ್ಟಾದ ರಾಣಿ ಅವನನ್ನು ಗಡಿ ದಾಟಿಸುತ್ತಾಳೆ. ಕಂಪನಿಯವರು ಆಡುವಾಗೆಲ್ಲ ವೀರಕೇತು ಮೀಸೆ ತಿರುವುತ್ತ ಹೋಗುವುದು, ಜನ ಸಿಳ್ಳೆ ಹಾಕಿ ಬೈಯುವುದು ವಾಡಿಕೆ.

ತುಳಸಾಬಾಯಿಗೆ ಈ ವಾಡಿಕೆ ಸೇರುತ್ತಿರಲಿಲ್ಲ. "ಮೀಸಿ ತಿರುವಾಕ ಒಂದು ಕಾರಣ ಬೇಕಲ್ರಿ? ಬರೇ ಸೊಕ್ಕಿದ್ದವ ಯುದ್ಧದಾಗ ಯಾರ ಸಲುವಾಗಿ ಪ್ರಾಣ ಕೊಡಾಕ ಹೋಗ್ತಾನ?" ಎನ್ನುತ್ತಿದ್ದರು. ಅದಕ್ಕೇ ಅವರದೊಂದು ನಿಯಮ. ಬಣ್ಣ ಹಚ್ಚುವ ಮೊದಲು ಪ್ರತಿಯೊಬ್ಬರೂ ತಮಗೆ ಆಗದ ಪಾತ್ರದ ಪರವಾಗಿ ಸ್ಟೂಲಿನ ಮೇಲೆ ಕೂತು ವಕಾಲತ್ತು ಮಾಡಬೇಕು!

ಭಾನುವಾರ ಮುಂಜಾನೆಯ ತಾಲೀಮುಗಳು ನಡೆದವು. ಒಮ್ಮೆ ಸ್ನೇಹಲತಾ ಬರೆದದ್ದು ಬಿಟ್ಟು, "ಎದ್ದು ಹೋಗೋದು ನಿಮಗ ಭಾಳ ಸರಳ ಅಲ್ರಿ?" ಎಂದು ಅವನ ಮುಖಕ್ಕೇ ಎಸೆದಳು.

"ಇದು ನಾಟಕದಾಗ ಇಲ್ಲಲ್ಲ ತಂಗಿ!" ಬಾಯಾರು ಪುಟ ತಿರುವಿ ತಿರುವಿ ಹುಡುಕಿದರು. ಉಳಿದವರು ಹೊಟ್ಟೆ ಹಿಡಿದು ನಕ್ಕರು. ಶಿವಪ್ರಕಾಶ ಮಾತ್ರ ನಗಲಿಲ್ಲ.

ಅವಳ ಸಿಟ್ಟಿಗೆ ಅವನೇ ಅಡ್ಡಿಯಾಗುತ್ತಿದ್ದ. ಎಲ್ಲರಿಗೂ ಅಂಗಡಿಯಿಂದ ಶೇಂಗಾ ಚಿಕ್ಕಿ ತರುತ್ತಿದ್ದ. ಅವಳು ಮಾತು ಮರೆತರೆ ಯಾರಿಗೂ ತಿಳಿಯದಂತೆ ತುಟಿಯಲ್ಲೇ ಎತ್ತಿಕೊಡುತ್ತಿದ್ದ. ತಾಲೀಮು ಮುಗಿದ ಮೇಲೆ ಅವಳು ಮೆಟ್ರೋ ಮೆಟ್ಟಿಲು ಹತ್ತುವವರೆಗೂ ಕೆಳಗೆ ನಿಂತಿರುತ್ತಿದ್ದ. ಇವನಾ ಸೊಕ್ಕಿನವ? ಬೇಡವೆಂದು ಹೋದವನು ಹೀಗ್ಯಾಕೆ ನಿಲ್ಲುತ್ತಾನೆ...? ದಿನ ಕಳೆದಂತೆ ಭಾನುವಾರಕ್ಕಾಗಿ ತಾನು ಕಾಯುತ್ತಿದ್ದೇನೆಂದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಕೋಪ ಬಂತು.

ಕೊನೆಗೆ ವಕಾಲತ್ತಿನ ದಿನ ಬಂತು. ರಾಣಿಗೆ ಆಗದವನೆಂದರೆ ವೀರಕೇತು ತಾನೆ? ಸ್ನೇಹಲತಾ ಸ್ಟೂಲ್ ಏರಿದಳು.

"ನಾ ಇದನ್ನ ಮತ್ತ ಮತ್ತ ಓದೀನ್ರಿ. ಒಂದನೇ ಅಂಕದಾಗ ವೀರಕೇತು ತನ್ನ ಕುರುಡ ಗುರುವಿನ ಕಾಲಿಗೆ ಬೀಳ್ತಾನ. ಮುಂದ ಸಭಾದಾಗ, ರಾಣಿ ಬರೋಕಿಂತ ಮೊದಲ, ದ್ವಾರಪಾಲಕ ಒಂದ ಮಾತು ಅಂತಾನ. 'ಏ ಕುರುಡ ಮುದುಕ, ಶುಭಕಾಲಕ್ಕೆ ಎದುರು ಬರಬೇಡ, ಹಿಂದೆ ಸರಿ' ಅಂತ. ಸಣ್ಣ ಮಾತಂತ ಎಲ್ಲಾರೂ ಅದನ್ನ ಬಿಟ್ಟು ಆಡ್ತಾರ. ಆದ್ರ ಆ ಮುದುಕ ಯಾರು? ಅವನ ಗುರು ಅಲ್ಲೇನ್ರಿ?"

ತುಳಸಾಬಾಯಿಯ ಕಣ್ಣು ಅಗಲವಾದವು. "ಮುಂದ ಹೇಳು ತಂಗಿ!"

"ತನ್ನನ್ನ ಬೆಳಿಸಿದವರಿಗೆ ಬಾಗಿಲದಾಗ ಅಪಮಾನ ಆದ ಮ್ಯಾಲೆ, ಅದ ಸಭಾದಾಗ ತಾನು ಮಾನ ತಗೊಳ್ಳೋದು ಹೆಂಗ್ರಿ? ಅದಕ್ಕ ಎದ್ದುಹ್ವಾದ. ರಾಣಿಗೆ ಅವನ ಬೆನ್ನಷ್ಟ ಕಾಣಿಸ್ತು. ಅವ ಸೊಕ್ಕಿನವ ಅಲ್ರಿ... ನೊಂದವ!"

ಚಪ್ಪಾಳೆ ಬಿತ್ತು. ಆದರೆ ಶಿವಪ್ರಕಾಶ ಕೈಯಲ್ಲಿದ್ದ ಹಾಳೆಗಳನ್ನು ಕುರ್ಚಿಯ ಮೇಲಿಟ್ಟು ಸರಸರ ಹೊರಗೆ ನಡೆದ.

"ಏ ಸೇನಾಪತಿ! ಎದ್ದು ಹೋಗೋ ಪ್ರವೇಶ ಇನ್ನಾ ಬಂದಿಲ್ಲೋ!" ಬಾಯಾರು ಕೂಗಿದರು.

ಈ ಸಲ ಸ್ನೇಹಲತಾ ಅವನನ್ನು ಹೋಗಲು ಬಿಡಲಿಲ್ಲ. ಓಡಿ ಬಂದು ಅಂಗಳದ ಬೇವಿನ ಮರದ ಕೆಳಗೆ ಅವನನ್ನು ಅಡ್ಡಗಟ್ಟಿದಳು.

"ನಿಲ್ರಿ! ಮತ್ತ ಬೆನ್ನು ತೋರಿಸಿ ಹೊಂಟ್ರ್ಯಾ?"

ಅವನ ಕಣ್ಣು ಕೆಂಪಗಿದ್ದವು. "ನಾಟಕದಾಗಿನ ಮುದುಕನ ಸಂಕಟ ಇಷ್ಟು ತಿಳೀತದ ನಿಮಗ. ನಮ್ಮವ್ವಂದು ಯಾಕ ತಿಳೀಲಿಲ್ರಿ?"

"ನಿಮ್ಮವ್ವಂದಾ? ಅವರಿಗೇನಾತು?"

"ಗೊತ್ತಿಲ್ಲದವರಂಗ ಕೇಳಬ್ಯಾಡ್ರಿ."

"ದೇವರಾಣೆ ನನಗ ಗೊತ್ತಿಲ್ರಿ! ಹೇಳ್ರಿ..."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ನಿಧಾನಕ್ಕೆ ಹೇಳಿದ. "ಉಡಿ ಸಾಮಾನು ಅವ್ವನ ತನ್ನ ಕೈಲೆ ಆರಿಸಿ ತಂದಿದ್ಲು. ತಾಟು ಹಿಡ್ಕೊಂಡು ಎದ್ಲು. ನಿಮ್ಮ ಸೋದರತ್ತಿ, 'ನೀವು ಬ್ಯಾಡ್ರಿ ಯಕ್ಕಾ, ಮುತ್ತೈದಿ ಯಾರಾದ್ರೂ ಬಂದಾರೇನು?' ಅಂದ್ರು. ಅಪ್ಪ ತೀರ್ಕೊಂಡ ಮ್ಯಾಲೆ ಅಂಗಡಿ ನಡಿಸಿ ನನ್ನ ಬೆಳಿಸಿದಾಕಿರಿ ಆಕಿ! ತಾಟು ಕೆಳಗಿಟ್ಟು ಹಿಂದಕ್ಕ ಸರಿದ್ಲು. ನೀವು ಪರದೆ ಆಚಿಗೇ ಇದ್ರಿ. ಬಂದು 'ಅವರ ತುಂಬ್ಲಿ' ಅಂತೀರಂತ ಕಾಯ್ದೆ. ಬರಲಿಲ್ಲ..."

ಸ್ನೇಹಲತಾ ತಲೆ ಅಲ್ಲಾಡಿಸಿದಳು. "ನಾ ಪರದೆ ಹಿಂದ ಇರಲೇ ಇಲ್ರಿ. ಒಳಗ ನಳದ ಹಂತೇಲಿ ಮಾರಿ ತೊಳೀತಿದ್ದೆ. ಸೆರಗು ಒಡ್ಡಾಕ ಅಂತ ಓಡಿ ಬಂದ್ರ ನೀವ ಇರಲಿಲ್ಲ! ನಾನ ನಿಮಗ ಬ್ಯಾಡಾದೆ ಅಂತ... ಎಷ್ಟು ಅತ್ತೀನಿ ಗೊತ್ತೇನ್ರಿ?"

"ಬ್ಯಾಡಾಗೋದಾ?" ಅವನ ದನಿ ಒಡೆಯಿತು. "ಬ್ಯಾಡಾಗಿದ್ರ ಇಷ್ಟು ನೋವು ಆಕ್ಕಿರಲಿಲ್ರಿ. ಅವತ್ತಿಂದ ಇನ್ನೊಂದು ಮನಿ ಹೊಸ್ತಿಲ ತುಳಿದಿಲ್ಲ ನಾನು."

ಆಹಾ, ಎರಡು ವರ್ಷ! ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟು ಕೇಳಬಾರದಿತ್ತೇ?

ಸಂಜೆ ಮನೆಯಲ್ಲಿ ಸ್ನೇಹಲತಾ ನೇರವಾಗಿ ಅತ್ತೆಯ ಮುಂದೆ ಕೂತಳು. ಸಿಡಿಯಲೆಂದೇ ಬಂದಿದ್ದಳು. ಆದರೆ ಶಂಕ್ರಮ್ಮನ ಬರಿದಾದ ಹಣೆ, ಬರಿಗೈ ನೋಡಿ ನಾಲಿಗೆ ತಡೆಯಿತು. ಅತ್ತೆಯೂ ಗಂಡನನ್ನು ಕಳೆದುಕೊಂಡವರು. ಅವರ ವಕಾಲತ್ತು ಯಾರು ಮಾಡಬೇಕು?

"ಅತ್ತಿ, ಅವರಿಗ್ಯಾಕ ಹಂಗಂದಿ?" ಮೆತ್ತಗೆ ಕೇಳಿದಳು.

"ನಾ ಕೆಟ್ಟ ಮನಸಿಲೆ ಅನ್ನಲಿಲ್ಲವ್ವ." ಶಂಕ್ರಮ್ಮನ ಕಣ್ಣಲ್ಲಿ ನೀರು ನಿಂತಿತು. "ಎಲ್ಲಾ ಮದಿವ್ಯಾಗ ನಾನ ಹಿಂದ ಸರ್ಕೊಂತ ಬಂದೀನಿ. ನಿನ್ನ ತೊಟ್ಲಕ್ಕೂ ದೂರ ನಿಂತೀನಿ. ನಿನಗ ಒಳ್ಳೇದಾಗ್ಲಿ ಅಂತ. ಅದ ಮಾತು ಬಾಯಿಗೆ ಬಂತು..."

ಸ್ನೇಹಲತಾ ಅತ್ತೆಯನ್ನು ಅಪ್ಪಿಕೊಂಡಳು. ಅಕ್ಕನ ಮಾತಿಗೆ ಎಂದೂ ಎದುರಾಡದ ಅಮರೇಶಪ್ಪ ಪೇಪರ್ ಮಡಚಿ ಎದ್ದರು.

"ತಪ್ಪು ನಂದೂ ಐತಿ. ನಾನೂ ಸುಮ್ಮ ಕೂತಿದ್ದೆ. ನಾಳೆ ನಾನ ಬೇಗಂ ಬಜಾರಿಗೆ ಹೋಗಿ ಆ ತಾಯಿಗೆ ಕೈಮುಗಿದು ಕರೀತೀನಿ."

ಹೇಳಿದಂತೆ ಹೋದರು, ಕರೆದರು. ಮುಂದಿನ ಭಾನುವಾರ ಶಿವಪ್ರಕಾಶನ ತಾಯಿ ಬಂಡೆಮ್ಮ ಉಪ್ಪಲ್‌ನ ಮನೆಗೆ ಬಂದರು. ಮಗ ಪಕ್ಕದಲ್ಲೇ ಕೂತಿದ್ದ.

ತಾಟು ಮುಂದೆ ಇಟ್ಟರೂ ಬಂಡೆಮ್ಮನ ಕೈ ಏಳಲಿಲ್ಲ. "ಬ್ಯಾಡವ್ವ... ಬಾಜೂ ಮನಿ ಯಾರನ್ನರ ಕರೀರಿ. ನನ್ನ ಮನಸಿಗೇನೂ ಇಲ್ಲ."

ಸ್ನೇಹಲತಾ ಅವರ ಮುಂದೆ ಮೊಣಕಾಲೂರಿ ಸೆರಗು ಒಡ್ಡಿದಳು. "ನನಗ ಐತ್ರಿ. ಇಂಥಾ ಮಗನ್ನ ಬೆಳಿಸಿದ ಕೈಲೆ ಅಕ್ಕಿ ಬೀಳಬೇಕು ನನ್ನ ಉಡಿಗೆ. ಬ್ಯಾರೆದವರು ತುಂಬಿದ್ರ ನಾ ಏಳಂಗಿಲ್ಲ."

ಬಂಡೆಮ್ಮ ಮಗನನ್ನು ನೋಡಿದರು. ಅಮರೇಶಪ್ಪನವರನ್ನು ನೋಡಿದರು. ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡರು. ಅಕ್ಕಿಯ ಜೊತೆ ಅವರ ಕಣ್ಣೀರೂ ಸೆರಗಿಗೆ ಬಿತ್ತು.

"ಅತ್ತಿ, ನೀ ಎಲ್ಲಿ ಹೊಂಟಿ?" ಅಡುಗೆಮನೆಯ ಬಾಗಿಲಲ್ಲಿ ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದ ಶಂಕ್ರಮ್ಮನನ್ನು ಸ್ನೇಹಲತಾ ಕೂಗಿದಳು. "ಬಾ ಇಲ್ಲೆ. ಇನ್ನೊಂದು ಬೊಗಸಿ ನಿಂದು."

ಶಂಕ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತೇ ಇದ್ದರು. ಬಂಡೆಮ್ಮನೇ ಎದ್ದು ಹೋಗಿ ಅವರ ಕೈಹಿಡಿದು ಕರೆತಂದರು. "ಬರ್ರಿ ಯಕ್ಕಾ. ಇಬ್ಬರೂ ಕೂಡಿ ತುಂಬೋಣು."

ಆಮೇಲೆ ಬಾಲ್ಕನಿಯಲ್ಲಿ ಇಬ್ಬರೇ. ಒಳಗೆ ಬಂಡೆಮ್ಮನೂ ಶಂಕ್ರಮ್ಮನೂ ನಗುವುದು ಕೇಳುತ್ತಿತ್ತು. ಸ್ನೇಹಲತಾಳ ಎದೆ ತುಂಬಿತ್ತು, ಉಡಿಯೂ ತುಂಬಿತ್ತು. ಇಷ್ಟು ಹಗುರವಾಗಿ ಅವಳು ಉಸಿರಾಡಿ ಎಷ್ಟು ಕಾಲವಾಗಿತ್ತೋ!

"ಒಂದು ಕರಾರು ಐತ್ರಿ" ಎಂದಳು.

"ಏನ್ರಿ ಮಹಾರಾಣಿ?"

"ಇನ್ನ ಮುಂದ ಎಷ್ಟ ಸಿಟ್ಟು ಬರ್ಲಿ, ಎದ್ದು ಹೋಗಬಾರದು. ಕೂತು ಜಗಳಾ ಮಾಡಬೇಕು."

ಅವನು ನಕ್ಕ. ಅವಳ ಕೈಯನ್ನು ಮೊದಲ ಸಲ ತನ್ನ ಕೈಗೆ ತೆಗೆದುಕೊಂಡ. "ಜಗಳ ಮುಗೀಲಿಲ್ಲಂದ್ರ?"

"ಮುಗಿಯೋ ತನಕ ಕೂಡಬೇಕ್ರಿ."

"ಹಂಗಾದ್ರ ಲಗೂ ಮುಗಸಬ್ಯಾಡ್ರಿ ಮತ್ತ..." ಎಂದ ಶಿವಪ್ರಕಾಶ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತ.