ಹಿತ್ತಾಳೆ ಬಿಲ್ಲೆ

ಜಲಾಂತರ್ಗಾಮಿ ನೌಕೆಯ ಅಣುಸ್ಥಾವರವನ್ನು ಪರೀಕ್ಷಿಸುವ ಸರ್ಕಾರಿ ಎಂಜಿನಿಯರ್ ನಾನು. ದೆವ್ವ, ಭೂತ ಎನ್ನುವವನಲ್ಲ. ಆದರೆ ಭಾವ ನನಗೆ ಹಾಗೆ ಮಾಡಬಾರದಿತ್ತು.

ನಮ್ಮಲ್ಲಿ ಸ್ಥಾವರದ ಉಕ್ಕಿನ ಕೋಣೆಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಬೇಕು. ಬಿಲ್ಲೆ ತೂಗುತ್ತಿದ್ದರೆ ಮನುಷ್ಯ ಒಳಗಿದ್ದಾನೆ ಎಂದರ್ಥ. ಅದನ್ನು ಅವನ ಹೊರತು ಯಾರೂ ಮುಟ್ಟುವಂತಿಲ್ಲ. ಅಂದು ಸ್ಥಾವರವನ್ನು ನಿಲ್ಲಿಸಲಾಗಿತ್ತು. ಒಳಗೆ ನಾನು, ಬಾಗಿಲ ಕಾವಲಿಗೆ ನನ್ನ ಹೆಂಡತಿಯ ಅಣ್ಣ.

ಹೊರಗೆ ಬಿಲ್ಲೆ ಟಿಣ್ ಎಂದಿತು. ಬಾಗಿಲು ಮುಚ್ಚಿಕೊಂಡಿತು. ಎಷ್ಟು ಬಡಿದರೂ ಯಾರೂ ಓಗೊಡಲಿಲ್ಲ. ಇನ್ನೂ ಬಿಸಿಯಾರದ ಕೊಳವೆಗಳ ನಡುವೆ ನಿಂತಿದ್ದೆ. ನನ್ನ ಉಸಿರು ಮಾತ್ರ ಚಳಿಗಾಲದಲ್ಲಿದ್ದಂತೆ ಹೊಗೆಯಾಡುತ್ತಿತ್ತು.

ಸಂಜೆ ಪಾಳಿಯವರು ಬಾಗಿಲು ತೆರೆದರು. ಹೊರಗಿನ ಮೊಳೆ ಬರಿದಾಗಿತ್ತು. ನಾನು ಭಾವನ ಕೊರಳಪಟ್ಟಿಗೇ ಕೈ ಹಾಕಿದೆ.

"ನನ್ನ ಬಿಲ್ಲೆ ಯಾಕೆ ತೆಗೆದ್ರಿ ಭಾವ?"

"ನೀನೇ ತಾನೇ ಬಂದು ತಗೊಂಡಿದ್ದು! ಕ್ಯಾಂಟೀನಲ್ಲಿ ನನ್ನೆದುರಿಗೇ ಕೂತು ಉಂಡೆ. ಒಂದು ಮಾತೂ ಆಡ್ದೆ ಮನೆಗೆ ಹೊರಟೋದೆ."

ಸಾಹೇಬರ ಮುಂದೆಯೂ ಭಾವ ಅದನ್ನೇ ಹೇಳಿದರು. ಕೈ ಹಿಡಿದು ಕೆಲಸ ಕಲಿಸಿದವರೇ ನಂಬಿಸಿ ಕತ್ತು ಕೊಯ್ದಿದ್ದರು.

ಕುದಿಯುತ್ತ ಮನೆಗೆ ಬಂದೆ. ಬಾಗಿಲು ತೆರೆದ ಹೆಂಡತಿ ನನ್ನನ್ನು ಕಂಡು ಹಿಂದೆ ಸರಿದಳು.

"ಮಧ್ಯಾಹ್ನವೇ ಬಂದು ಮಲಗಿದ್ರಲ್ಲ? ಎರಡು ಕಂಬಳಿ ಹೊದಿಸಿದ್ರೂ ನಿಮ್ಮ ನಡುಕ ನಿಲ್ಲಲಿಲ್ಲ..."

ಇವಳೂ ಅಣ್ಣನ ಜೊತೆ ಸೇರಿಕೊಂಡಳೆಂದು ಮೈಯೆಲ್ಲ ಉರಿಯಿತು. ಅವಳನ್ನು ಸರಿಸಿ ಒಳಗೆ ನಡೆದೆ.

ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗಿನ ಮೊಳೆಯಲ್ಲಿ ನನ್ನ ಬಿಲ್ಲೆ ತೂಗುತ್ತಿತ್ತು.