ಗಡಿಯಾರದ ಪಕ್ಕದ ಹಸಿರು ಐಕಾನ್

ಗ್ರಂಥಾಲಯಕ್ಕೆ ಪುಸ್ತಕ ಹುಡುಕುವ ಪ್ರೋಗ್ರಾಂ ಹಾಕಿಕೊಟ್ಟವನು ನಾನು. ಅದರೊಳಗೇ ಒಂದು ಪುಟ್ಟ ವೆಬ್ ಸರ್ವರ್ ಇದೆ; ಅದು ನಡೆಯುತ್ತಿದ್ದರಷ್ಟೇ ಉಳಿದ ಕಂಪ್ಯೂಟರುಗಳಲ್ಲಿ ಪುಸ್ತಕ ಹುಡುಕಲು ಆಗುವುದು. ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಅದರ ಹಸಿರು ಐಕಾನ್. ಗ್ರಂಥಪಾಲಕಿ ಅಕ್ಕ ದಿನಾ ಸಂಜೆ ಐದೂವರೆಗೆ, ಫ್ಯಾನು ಆರಿಸುವಂತೆ, ಆ ಐಕಾನ್ ಒತ್ತಿ ಸರ್ವರನ್ನೂ ಮುಚ್ಚುತ್ತಿದ್ದರು. ಬೆಳಿಗ್ಗೆ ಯಾವ ಕಂಪ್ಯೂಟರಿನಲ್ಲೂ ಪುಸ್ತಕ ಸಿಗದೆ ನಾನು ಓಡಬೇಕಿತ್ತು. ಹೇಳಿ ಹೇಳಿ ಬಾಯಿ ನೋಯಿತು.

"ನಾವೆಲ್ಲ ಮನೆಗೆ ಹೋದ್ಮೇಲೆ ಅದೊಂದೇ ಯಾಕಪ್ಪಾ ದುಡೀಬೇಕು?" ಎನ್ನುತ್ತಿದ್ದರು.

ಅಕ್ಕ ತೀರಿಕೊಂಡ ಮೇಲೂ ಐದೂವರೆಗೆ ಸರ್ವರ್ ಮುಚ್ಚಿಹೋಗುತ್ತಿತ್ತು. "ನಾನು ಮುಟ್ಟೇ ಇಲ್ಲ ಸರ್," ಎಂದರು ಹೊಸದಾಗಿ ಬಂದ ಗ್ರಂಥಪಾಲಕರು. ರೋಸಿಹೋಗಿ ಐಕಾನನ್ನೇ ಮರೆಮಾಡಿ, ಅಲ್ಲೇ ಕಾದು ಕುಳಿತೆ.

ಐದೂವರೆಗೆ ಪರದೆಯ ಮೇಲಿನ ಮೌಸಿನ ಬಾಣ ತಾನಾಗಿ ಗಡಿಯಾರದ ಪಕ್ಕ ಹೋಗಿ, ಕನ್ನಡಕ ಮರೆತವರಂತೆ ತಡಕಾಡತೊಡಗಿತು. ಮೌಸಿನ ವೈರ್ ಕಿತ್ತೆ. ಬಾಣ ನಿಲ್ಲಲಿಲ್ಲ. ಆರಾಯಿತು, ಆರೂವರೆಯಾಯಿತು. ನೋಡಲಾರದೆ ಕೀಬೋರ್ಡಿನಿಂದಲೇ ಐಕಾನನ್ನು ಮತ್ತೆ ಕಾಣುವಂತೆ ಮಾಡಿದೆ. ಬಾಣ ಅದನ್ನು ಒತ್ತಿ, ಸರ್ವರ್ ಮುಚ್ಚಿ, ಸುಮ್ಮನಾಯಿತು.

ಈಗ ದಿನಾ ಬೆಳಿಗ್ಗೆ ನಾನೇ ಹೋಗಿ ಸರ್ವರ್ ಶುರುಮಾಡುತ್ತೇನೆ. ಕಿತ್ತ ಮೌಸನ್ನು ಅಂದೇ ಮೇಜಿನ ಖಾನೆಯೊಳಗೆ ಹಾಕಿದ್ದೆ. ಇವತ್ತು ತೆಗೆದು ಮುಟ್ಟಿದಾಗಲೂ ಬೆಚ್ಚಗಿತ್ತು.