ಸುಮ್ಮನಿದ್ದ ಬೆಳ್ಳಿ

ಆರಾಧನೆಗೆ ಇನ್ನೂ ಅರ್ಧ ಗಂಟೆ ಇತ್ತು. ಚರ್ಚಿನ ಪಾಲಕರು ಬೀರುವಿನ ಬಾಗಿಲು ತೆರೆದರೆ, ಕರ್ತನ ಭೋಜನದಲ್ಲಿ ದ್ರಾಕ್ಷಾರಸ ಕೊಡುವ ಬೆಳ್ಳಿ ಬಟ್ಟಲು ಇರಬೇಕಾದ ಗೂಡು ಖಾಲಿ. ನಂಬಿಕೆ ಬಾರದೆ ಒಳಗೆಲ್ಲ ಕೈಯಾಡಿಸಿ ನೋಡಿದರು.

ಸಭೆಯ ಅಕ್ಕತಂಗಿಯರಲ್ಲಿ ಆರ್ಗನ್ ನುಡಿಸುವ ತಂಗಿ ಆಗತಾನೇ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹಾಡುಗಳ ಅಂಕಿ ಬರೆದು ಆರ್ಗನ್ನಿನ ಮುಂದೆ ಕೂತಿದ್ದಳು. ಅವಳ ಅಕ್ಕ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಆ ಬೀದಿಯಲ್ಲಿ ಏನು ಕಳೆದುಹೋದರೂ ಜನ ಪೊಲೀಸರಿಗಿಂತ ಮೊದಲು ಅಕ್ಕನ ಬಾಗಿಲು ತಟ್ಟುತ್ತಿದ್ದರು. ಈ ಸಲ ಅಕ್ಕ ಮೊದಲ ಸಾಲಿನಲ್ಲೇ ಇದ್ದಳು.

ಸುದ್ದಿ ಕೇಳಿ ಸಭೆಯ ಹಿರಿಯರೊಬ್ಬರು ಧಾವಿಸಿ ಬಂದರು. ಬಟ್ಟಲನ್ನು ನಲವತ್ತು ವರ್ಷದಿಂದ ಒರೆಸಿ ಕಾಪಾಡುತ್ತಿದ್ದವರು ಅವರೇ. ತಂಗಿ ಹಾಡಿನ ಪಟ್ಟಿ ಕೊಟ್ಟಾಗ ಅವರ ಬಲಗೈಯ ಮೂರು ಬೆರಳ ತುದಿಗಳು ಬೆಳ್ಳಗೆ ಕಂಡವು. ಸೀಮೆಸುಣ್ಣ ಇರಬೇಕು ಅಂದುಕೊಂಡಳು.

"ಹಿರಿಯರೇ, ಕಲ್ಲುತೊಟ್ಟಿಯ ಬೀಗದ ಕೈ ಕೊಡಿ. ನೀರಾದರೂ ತುಂಬಿಸ್ತೀನಿ," ಎಂದರು ಪಾಲಕರು. ಆ ದಿನ ಒಂದು ಮಗುವಿಗೆ ಆ ತೊಟ್ಟಿಯ ನೀರಿನಲ್ಲಿ ದೀಕ್ಷಾಸ್ನಾನ ಮಾಡಿಸಿ ಹೆಸರಿಡುವುದಿತ್ತು.

"ನೀರು ಯಾಕೆ? ಕಳ್ಳತನ ಆದ ದಿನ ದೀಕ್ಷಾಸ್ನಾನ ಇಲ್ಲ," ಹಿರಿಯರು ಖಡಾಖಂಡಿತ ಹೇಳಿದರು. "ಮೊದಲು ಕಳ್ಳನನ್ನ ಹಿಡಿಯೋಣ. ಬೆಳ್ಳಿ ಯಾರಿಗೆ ಬೇಕು ಅಂತ ನನಗೆ ಗೊತ್ತು. ಬನ್ನಿ."

ಚರ್ಚಿನ ಹಿಂದೆ ಒಂದು ತಗಡಿನ ಶೆಡ್ಡು. ಅದರಲ್ಲಿ, ಎಲ್ಲರೂ ಬಾಣದ ಮೇಷ್ಟ್ರು ಎಂದು ಕರೆಯುವ ಸಭೆಯ ಸದಸ್ಯರೊಬ್ಬರು ಹಳೆಯ ಕಾಲದ ರಾಕೆಟ್‌ಗಳ ಮಾದರಿ ಮಾಡುತ್ತಿದ್ದರು. ಮದ್ದು ತುಂಬಿದ ಬಿದಿರ ಕೊಳವೆ, ಆಮೇಲೆ ಬಂದ ಕಬ್ಬಿಣದ ಕೊಳವೆ, ಅದಾದ ಮೇಲೆ ದ್ರವ ಇಂಧನದ ಯಂತ್ರ, ಎಲ್ಲವೂ ಗೋಡೆಯುದ್ದಕ್ಕೂ ಸಾಲಾಗಿದ್ದವು. "ದ್ರವ ಇಂಧನದ ಮೊದಲನೇ ರಾಕೆಟ್ಟು ಎಲೆಕೋಸಿನ ಹೊಲದಲ್ಲಿ ಬಿತ್ತು. ಹಾರಿದ್ದು ಎರಡೂವರೆ ಸೆಕೆಂಡು. ಜನ ನಕ್ಕರು," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈಚೆಗೆ ಹೈಡ್ರೋಜನ್ ಪೆರಾಕ್ಸೈಡಿನಿಂದ ಓಡುವ ಒಂದು ಹಳೆಯ ಎಂಜಿನ್ನಿಗೆ ಕೈ ಹಾಕಿದ್ದರು. ಅದಕ್ಕೆ ಬೆಳ್ಳಿಯ ಜಾಲರಿ ಬೇಕೆಂದು ಸಭೆಗೆಲ್ಲ ಗೊತ್ತಿತ್ತು.

ಹಿರಿಯರು ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಂಡು ಎಡಗೈಯಲ್ಲಿ ತೋರಿಸಿದರು. "ಅಗೋ, ಆ ಗಾಜಿನ ಜಾಡಿ!"

ಜಾಡಿಯ ತುಂಬ ತಿಳಿ ದ್ರವ. ತಳದಲ್ಲಿ ಕರಗಿಸಿದ ಲೋಹದ ಮುದ್ದೆಯೊಂದು ಬಿಳಿಯಾಗಿ, ತಣ್ಣಗೆ ಕೂತಿತ್ತು.

"ಕೈ ಹಾಕಬೇಡಿ, ಪೆರಾಕ್ಸೈಡು, ಸುಡುತ್ತೆ!" ಓಡಿಬಂದ ಮೇಷ್ಟ್ರು ಕೂಗಿದರು. "ಆ ಮುದ್ದೆ ನನ್ನದಲ್ಲ. ದೇವರಾಣೆ, ನನಗೆ ಗೊತ್ತಿಲ್ಲ."

"ನಮ್ಮ ಬಟ್ಟಲನ್ನ ಕರಗಿಸಿ ಪಟಾಕಿ ಮಾಡೋಕೆ ಹೊರಟೆಯಾ?" ಹಿರಿಯರು ಗುಡುಗಿದರು. "ಇವನಿಗೆ ಕರ್ತನ ಭೋಜನದ ಮೇಜಿನಲ್ಲಿ ಜಾಗ ಇಲ್ಲ. ಇವನ ಮನೆಯ ಮಗುವಿಗೆ ಇಲ್ಲಿ ನೀರೂ ಇಲ್ಲ!"

ಪಾಲಕರು ನೆಲ ನೋಡಿದರು. ಮೇಷ್ಟ್ರ ಮಗಳು ಬಿಳಿ ಅಂಗಿ ತೊಟ್ಟ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಹಿಂದಿನಿಂದ ಯಾರೋ "ಕಳ್ಳನ ಮೊಮ್ಮಗಳು" ಅಂದರು. ತಂಗಿಯ ಮೈ ಉರಿದುಹೋಯಿತು. ವಿಚಾರಣೆ ಇಲ್ಲ, ಒಂದು ಪ್ರಶ್ನೆ ಇಲ್ಲ! ತಿರುಗಿ ನೋಡಿದರೆ ಅಕ್ಕ ಜಾಡಿಯನ್ನೇ ದಿಟ್ಟಿಸುತ್ತಿದ್ದಳು. ಅವಳ ಮೂಗಿನ ಹೊಳ್ಳೆ ಅರಳಿತ್ತು. ಅಕ್ಕನಿಗೆ ಸಿಟ್ಟು ನೆತ್ತಿಗೇರಿದ ಗುರುತು ಅದು.

"ಹಿರಿಯರಿಗೂ ಮೇಷ್ಟ್ರಿಗೂ ಜಗಳ ಆಗಿತ್ತಾ?" ಅಕ್ಕ ಪಿಸುಗುಟ್ಟಿದಳು.

"ಹೋದ ವಾರ ಬೈಬಲ್ ತರಗತೀಲಿ," ಎಂದಳು ತಂಗಿ. "ಭೋಜನದಲ್ಲಿ ರೊಟ್ಟಿ ರೊಟ್ಟಿಯಾಗೇ ಇರುತ್ತೆ, ದ್ರಾಕ್ಷಾರಸ ದ್ರಾಕ್ಷಾರಸವಾಗೇ ಇರುತ್ತೆ, ಅವು ದೇವರ ವಾಗ್ದಾನದ ಗುರುತು, ಬಟ್ಟಲು ಮಣ್ಣಿನದಾದರೂ ನಡೆಯುತ್ತೆ ಅಂದರು ಮೇಷ್ಟ್ರು. ಹಿರಿಯರು ಎದ್ದು ಹೊರಟೇಹೋದರು."

"ಎಲ್ಲರನ್ನೂ ಒಳಗೆ ಕೂರಿಸು," ಎಂದಳು ಅಕ್ಕ. "ಮೇಷ್ಟ್ರೇ, ಒಂದು ಪಿಂಗಾಣಿ ತಟ್ಟೆ, ಎರಡು ಚಮಚ ಪೆರಾಕ್ಸೈಡು, ಚೂರು ಬೆಳ್ಳಿ ಜಾಲರಿ ತನ್ನಿ. ಆ ಮುದ್ದೆಯೂ ಬರಲಿ."

ಸಭೆ ಕೂತಿತು. ಅಕ್ಕ ಮೊದಲು ಇಕ್ಕಳದಿಂದ ಮುದ್ದೆಯನ್ನು ತಟ್ಟೆಯ ದ್ರವದಲ್ಲಿಟ್ಟಳು. ಏನೂ ಆಗಲಿಲ್ಲ. ಅದನ್ನು ತೆಗೆದು ಜಾಲರಿಯ ಚೂರು ಬಿಟ್ಟಳು. ಕಾದ ಹೆಂಚಿಗೆ ನೀರು ಬಿದ್ದ ಹಾಗೆ ದ್ರವ ಭುಸ್ಸೆಂದು ಕುದಿದು ಆವಿ ಎದ್ದಿತು. ಮುಂದಿನ ಸಾಲಿನವರು ಹಿಂದಕ್ಕೆ ಸರಿದರು.

"ಬೆಳ್ಳಿ ಸೋಕಿದರೆ ಇದು ಹೀಗೆ ರೇಗುತ್ತೆ. ರಾಕೆಟ್ ಹಾರೋದೇ ಈ ಆವಿಯಿಂದ. ಬಟ್ಟಲಿನಷ್ಟು ಬೆಳ್ಳಿ ಜಾಡಿಗೆ ಬಿದ್ದಿದ್ದರೆ ಶೆಡ್ಡೇ ಉಳೀತಿರಲಿಲ್ಲ. ಅಲ್ಲಿ ಮುದ್ದೆ ಸುಮ್ಮನೆ ಕೂತಿತ್ತು. ಅದು ತವರ. ಅಡುಗೆ ಒಲೆಯ ಮೇಲೇ ಕರಗುತ್ತೆ. ಮೇಷ್ಟ್ರು ಈ ತಪ್ಪು ಮಾಡ್ತಾರಾ? ಇದರ ಗಂಧಗಾಳಿ ಇಲ್ಲದವರು ತಂದು ಹಾಕಿದ್ದು."

"ಯಾರು?" ಎಂದರು ಪಾಲಕರು.

"ಈ ದ್ರವ ತಾಗಿದರೆ ಚರ್ಮ ಉರಿದು ಬೆಳ್ಳಗಾಗುತ್ತೆ, ಒಂದೆರಡು ಗಂಟೆ ಹಾಗೇ ಇರುತ್ತೆ. ನೋಡಿದವರು ಸೀಮೆಸುಣ್ಣ ಅಂದುಕೋಬೇಕು. ತಂಗೀ, ಇವತ್ತು ಹಲಗೆ ಮೇಲೆ ಬರೆದಿದ್ದು ಯಾರು?"

"ನಾನು," ಎಂದ ತಂಗಿ ಹಿರಿಯರ ಕಡೆ ತಿರುಗಿದಳು. ಹಿರಿಯರು ಸೀಮೆಸುಣ್ಣ ಮುಟ್ಟಿಯೇ ಇರಲಿಲ್ಲ! "ಹಿರಿಯರ ಬೆರಳು... ನಾನೇ ನೋಡಿದೆ."

ಹಿರಿಯರ ಬಲಗೈ ಇನ್ನೂ ಜೇಬಿನಲ್ಲಿತ್ತು.

"ಬಟ್ಟಲನ್ನು ಪ್ರಾಣದ ಹಾಗೆ ಕಾಪಾಡಿದವರು ಅದನ್ನು ಕರಗಿಸಲಾರರು, ಹೊರಗೆ ಎಸೆಯಲಾರರು," ಅಕ್ಕ ಮುಂದುವರಿಸಿದಳು. "ಅಡಗಿಸೋಕೆ ಅವರಿಗೆ ಬಟ್ಟಲಿಗೆ ತಕ್ಕ ಪವಿತ್ರ ಜಾಗ ಬೇಕು. ಮೇಷ್ಟ್ರ ಮೇಲೆ ಇನ್ನೂ ಯಾರಿಗೂ ಅನುಮಾನ ಇರಲಿಲ್ಲ, ಶೆಡ್ಡಿನ ಕಡೆ ಯಾರೂ ಹೆಜ್ಜೆ ಇಟ್ಟಿರಲಿಲ್ಲ. ಆಗಲೇ ಇವರು ದೀಕ್ಷಾಸ್ನಾನ ನಿಲ್ಲಿಸಿದರು. ಯಾಕೆ? ಕಲ್ಲುತೊಟ್ಟಿಯ ಮುಚ್ಚಳ ತೆರೆಯಬಾರದಿತ್ತು. ಕೊಡಿ ಬೀಗದ ಕೈ."

ಹಿರಿಯರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕೀಲಿಗೊಂಚಲು ಹೊರತೆಗೆದ ಕೈಯ ಬೆರಳ ತುದಿಗಳು ಇನ್ನೂ ಬಿಳಿಚಿಕೊಂಡಿದ್ದವು. ಪಾಲಕರು ಮುಚ್ಚಳ ಎತ್ತಿದರು. ಬಣಗುಡುವ ತೊಟ್ಟಿಯಲ್ಲಿ, ಮಡಿಸಿದ ಬಿಳಿ ಬಟ್ಟೆಯೊಳಗೆ, ಒಂದು ಗೀರೂ ಇಲ್ಲದ ಬಟ್ಟಲು.

"ಅವನು ಬಟ್ಟಲಿಗೆ ಅವಮಾನ ಮಾಡಿದ," ಹಿರಿಯರು ತೊದಲಿದರು. "ಮಣ್ಣಿನದಾದರೂ ನಡೆಯುತ್ತೆ ಅಂದ."

"ಸರಿಯಾಗೇ ಹೇಳಿದ್ದಾರೆ!" ಅಕ್ಕನ ದನಿ ಚಾವಣಿ ಮುಟ್ಟಿತು. "ಬೆಳ್ಳಿಗೆ ಗೀರು ಬೀಳದ ಹಾಗೆ ಬಟ್ಟೆ ಸುತ್ತಿದಿರಿ. ಮನುಷ್ಯನ ಮಾನಕ್ಕೆ ಏನು ಸುತ್ತಿದಿರಿ? ಏನೂ ಅರಿಯದ ಕೂಸಿಗೆ ನೀರಿಲ್ಲ ಅಂದಿರಿ. ಆ ನೀರು ನಿಮ್ಮಪ್ಪನ ಮನೆಯದಾ?"

ಮುಚ್ಚಳ ಹಿಡಿದು ನೆಲ ನೋಡುತ್ತಿದ್ದ ಪಾಲಕರು ಈಗ ತಲೆ ಎತ್ತಿದರು. "ತಪ್ಪು ನನ್ನದೂ ಇದೆ. ಭೋಜನ, ದೀಕ್ಷಾಸ್ನಾನ, ಈ ಎರಡು ಸಂಸ್ಕಾರ ಕೊಟ್ಟವನು ಕರ್ತನು. ಅವುಗಳಿಂದ ಜನರನ್ನ ಅಟ್ಟೋಕೆ ನಾವು ಯಾರು ಅಂತ ನಾನು ಆಗಲೇ ಕೇಳಬೇಕಿತ್ತು. ಹೆದರಿ ಸುಮ್ಮನಿದ್ದೆ."

ಹಿರಿಯರು ಪಾಲಕರ ಕಡೆ ಬಾಗಿ, "ಕ್ಷಮಿಸಬೇಕು," ಎಂದು ಗೊಣಗಿದರು.

"ಅತ್ತ ಅಲ್ಲ," ಎಂದಳು ಅಕ್ಕ. "ಬೈದಿದ್ದು ಎಲ್ಲರ ಎದುರಿಗೆ. ಇದೂ ಎಲ್ಲರ ಎದುರಿಗೆ ಆಗಲಿ."

ಹಿರಿಯರು ಮೇಷ್ಟ್ರ ಕಡೆ, ಆಮೇಲೆ ಅವರ ಮಗಳ ಕಡೆ ತಿರುಗಿ ಕೈ ಜೋಡಿಸಿದರು. ಮೇಷ್ಟ್ರು ತಲೆದೂಗಿದರು. ಮಗಳು ಮಾತ್ರ ತಲೆದೂಗಲಿಲ್ಲ. ಮಗುವನ್ನೆತ್ತಿಕೊಂಡು ಅವರನ್ನು ದಾಟಿ ನೇರ ತೊಟ್ಟಿಯ ಬಳಿ ಹೋದಳು. ತಂಗಿಯೇ ಹೂಜಿಯಿಂದ ನೀರು ಸುರಿದಳು.

"ಮಗುವಿನ ಹೆಸರೇನಮ್ಮಾ?" ಪಾಲಕರು ಮೆಲ್ಲಗೆ ಕೇಳಿದರು.

ತಾಯಿ ಮೆಲ್ಲಗೆ ಹೇಳಲಿಲ್ಲ. ಹಿಂದಿನ ಸಾಲಿನವರಿಗೂ, ಬಾಗಿಲಾಚೆ ನಿಂತವರಿಗೂ ಸ್ಪಷ್ಟವಾಗಿ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.